ಪ್ಲಾಸ್ಟಿಕ್ ಮನೆಯ ಯಜಮಾನ

ಪೂರ್ತಿ ಕೂರಬೇಕೋ, ಅರ್ಧ ಕೂರಬೇಕೋ? ಪೂರ್ತಿ ಕೂತರೆ ಸೊಕ್ಕು ಎಂದು ಒದೆ ಬೀಳಬಹುದು. ಅರ್ಧ ಕೂತರೆ ಹೇಳಿದ ಹಾಗೆ ಕೂರಲಿಲ್ಲ ಎಂದು ಒದೆ ಬೀಳಬಹುದು. ಬೆನ್ನು ಒರಗಿಸುವುದೋ ಬೇಡವೋ? ಕೈಗಳನ್ನು ಎಲ್ಲಿಡುವುದು? ಕುರ್ಚಿಯ ಮುಂದೆ ನಿಂತು ಕೂಲಿಯಾಳು ಕಡ್ಡಿ ಯೋಚಿಸುತ್ತಲೇ ಇದ್ದ. ದಣಿಯ ಎದುರು ಹುಟ್ಟಿದಾಗಿನಿಂದ ನಿಂತೇ ಬದುಕಿದವನ ಮೊಣಕಾಲಿಗೆ ಆ ಎತ್ತರದಲ್ಲಿ ಮಡಚಿಕೊಳ್ಳುವುದು ಗೊತ್ತಿರಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರು ಎಂದಿದ್ದರೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ.

“ಕೂತ್ಕೊಳ್ಳೋ ಬೋಳಿಮಗನೆ! ಕುರ್ಚಿಗೇನು ಹಲ್ಲಿದೆಯಾ, ನಿನ್ನ ಅಂಡು ಕಚ್ಚೋಕೆ?” ದಣಿ ಗದರಿದ.

ಕಡ್ಡಿ ಕೂತ. ಅದು ಸುತ್ತುವ ಕುರ್ಚಿ. ಗರ್ರನೆ ತಿರುಗಿ ಅವನ ಮುಖವನ್ನು ಗೋಡೆಗೆ ಮಾಡಿತು. ಗಾಬರಿಯಿಂದ ಮೇಜು ಹಿಡಿದುಕೊಂಡ.

“ನಾಳೆ ತಪಾಸಣೆ ಮೇಡಂ ಮುಂದೆ ಹೀಗೆ ಬುಗುರಿ ಆಡಿಸಿದ್ಯೋ, ಚರ್ಮ ಸುಲೀತೀನಿ. ಹೇಳು, ಯಾರು ನೀನು?”

“ಕಡ್ಡಿ, ದಣಿ.”

“ಥೂ ನಿನ್ನ! ಮಾಲೀಕ ಕಣೋ! ನಾಳೆ ಈ ಹಸಿರುಮನೆ ಮಾಲೀಕ ನೀನು. ನನ್ನ ಏನಂತ ಕರೀತೀಯ?”

“ದಣಿ ಅಂತ.”

“ಮೇಸ್ತ್ರಿ ಅಂತ ಕರೀಬೇಕು ಮುಂಡೇದೆ. ಎಲ್ಲಿ, ಕರಿ.”

ಕಡ್ಡಿಯ ಬಾಯಿ ತೆರೆಯಿತು. ಮಾತು ಮಾತ್ರ ಗಂಟಲಲ್ಲೇ ಕೂತಿತು, ಅವನು ಕುರ್ಚಿಯಲ್ಲಿ ಕೂತದ್ದಕ್ಕಿಂತ ಭದ್ರವಾಗಿ.

ತುಂಡು ನೆಲದ ಬಡವರು ಹಸಿರುಮನೆ ಕಟ್ಟಿ ತರಕಾರಿ ಬೆಳೆದು ಮಾರಲಿ ಎಂದು ಸರ್ಕಾರ ಸಹಾಯಧನ ಇಟ್ಟಿತ್ತು. ದಣಿಗೆ ತೋಟಗಳಿದ್ದವು, ಕಾರುಗಳಿದ್ದವು, ಬಡತನವೊಂದು ಇರಲಿಲ್ಲ. ಅದು ಕಡ್ಡಿಯ ಬಳಿ ಧಾರಾಳವಾಗಿತ್ತು. ಜೊತೆಗೆ ಹಳ್ಳದ ಪಕ್ಕ ಅಪ್ಪ ಬಿಟ್ಟುಹೋದ, ಅವ್ವ ಕಲ್ಲು ಆರಿಸಿ ಆರಿಸಿ ಹಸನು ಮಾಡಿದ ಒಂದು ತುಂಡು ನೆಲವೂ ಇತ್ತು. “ನಿನ್ನ ನೆಲ, ನನ್ನ ತಲೆ. ಇಬ್ಬರೂ ಉದ್ಧಾರ ಆಗೋಣ” ಎಂದು ದಣಿ ಅವನ ಹೆಗಲ ಮೇಲೆ ಕೈಯಿಟ್ಟಿದ್ದ. ಆ ಕೈ ಹೆಗಲಿಗೆ ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಅದಕ್ಕೆ ಕಡ್ಡಿಯ ಕೆನ್ನೆಯ ಪರಿಚಯ ಮಾತ್ರ ಇತ್ತು.

ಕಬ್ಬಿಣದ ಕೊಳವೆಗಳು ಎದ್ದವು. ಅವುಗಳ ಮೇಲೆ ಹಾಲುಬಣ್ಣದ ಪ್ಲಾಸ್ಟಿಕ್ ಹೊದಿಕೆ ಬಂತು. ಒಳಗೆ ಟೊಮೇಟೊ, ಸೌತೆ, ದಪ್ಪ ಮೆಣಸಿನಕಾಯಿ ದಾರ ಹಿಡಿದು ಮೇಲೇರಿದವು. ಅಪ್ಪನ ನೆಲದಲ್ಲಿ ಮಗ ಸೊಸೆ ಕೂಲಿಗೆ ಸೇರಿದರು. ಸಹಾಯಧನ ಪಡೆದವನು ತರಬೇತಿಗೆ ಹೋಗಲೇಬೇಕು ಎಂಬ ನಿಯಮವಿತ್ತು. ಕಡ್ಡಿಯ ಹೆಸರಿನಲ್ಲಿ ದಣಿಯ ಅಳಿಯ ಹೋಗಿ ಪಟ್ಟಣದಲ್ಲಿ ವಾರವಿಡೀ ಉಂಡು ಬಂದ. ಆ ತರಬೇತಿಯ ಪ್ರಮಾಣಪತ್ರ ಈಗ ಹಸಿರುಮನೆಯ ಕಚೇರಿಯ ಗೋಡೆಯಲ್ಲಿ ತೂಗುತ್ತಿತ್ತು. ಕಡ್ಡಿ ಕಸ ಗುಡಿಸುವಾಗ ಅದರ ಧೂಳನ್ನೂ ಒರೆಸುತ್ತಿದ್ದ.

ಸಹಾಯಧನದ ಕೊನೆಯ ಕಂತು ಬಿಡುಗಡೆಯಾಗಬೇಕಾದರೆ ತಪಾಸಣೆ ಆಗಬೇಕು. ಹಾಗಾಗಿ ಆ ವಾರ ನಿಯಮಗಳೆಲ್ಲ ಒಟ್ಟಿಗೇ ಬಂದಿಳಿದವು. ಹುಳ ಒಳನುಗ್ಗದಂತೆ ಎರಡನೇ ಬಾಗಿಲು ಬಂತು. ರೋಗ ಬರದಂತೆ ಬಾಗಿಲಲ್ಲಿ ಕಾಲದ್ದುವ ಔಷಧಿ ನೀರಿನ ತೊಟ್ಟಿ ಬಂತು. ವಿಷದ ಡಬ್ಬಗಳ ಕೋಣೆಗೆ ಬೀಗ ಬಿತ್ತು. ಅಷ್ಟು ದಿನ ಬರಿಗೈಯಲ್ಲಿ ಔಷಧಿ ಕಲಸಿದವರಿಗೆ ಕೈಗವಸು, ಮುಖಗವಸು ಹಂಚಿದರು. ತಪಾಸಣೆ ಮುಗಿದ ಮೇಲೆ ಒಗೆದು ವಾಪಸು ಕೊಡಬೇಕು ಎಂಬ ಮಾತಿನ ಮೇಲೆ.

ಕೂಲಿಗಳಲ್ಲೆಲ್ಲ ಹಿರಿಯಳಾದ ಮುದುಕಿ ಮುಖಗವಸನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಎತ್ತಿನ ಬಾಯಿಗೆ ಕುಕ್ಕೆ ಕಟ್ಟೋದು ಪೈರು ತಿನ್ನದಿರಲಿ ಅಂತ. ನಮಗ್ಯಾಕ್ರೋ? ದಣಿ ಟೊಮೇಟೊ ಮೇಯ್ತೀವಿ ಅಂತಲಾ?”

“ವಿಷ ಮೂಗಿಗೆ ಹೋಗಬಾರದಂತೆ ಅಜ್ಜಿ.”

“ಓಹೋ! ನಾಳೆ ಒಂದಿನ ಹೋಗಬಾರದಾ?”

ಸಂಜೆ ಕಡ್ಡಿಯ ಹೆಂಡತಿ ದಣಿ ಕೊಟ್ಟ ಹಳೆಯ ಅಂಗಿಯನ್ನು ಕೊಡವಿ ಗಂಡನ ಎದೆಗೆ ಹಿಡಿದು ನೋಡಿದಳು. ಒಳಗೆ ಇನ್ನೊಬ್ಬ ಕಡ್ಡಿ ಹಿಡಿಸುವಷ್ಟು ದೊಡ್ಡದಿತ್ತು.

“ಹಾಗಾದ್ರೆ ನಾಳೆ ನಾನು ದಣೇರ ಹೆಂಡ್ತಿ. ಬಾರೋ ಕಡ್ಡಿ, ಸ್ವಲ್ಪ ಕಾಲು ಒತ್ತು.”

ಅವನು ನಗಲಿಲ್ಲ. ಅವಳೂ ನಗು ನುಂಗಿದಳು.

“ನಾಳೆ ಮುಗಿದ ಮೇಲೆ?”

“ನೆಲ ಅವರ ಹೆಸರಿಗೆ ಮಾಡಿಸ್ಕೋತಾರಂತೆ. ನೋಂದಣಿ ಕಚೇರೀಲಿ ಸಾಹೇಬರ ಮುಂದೆ ನಾನೇ ಒಪ್ಪಿಗೆ ಅನ್ನಬೇಕಂತೆ.”

“ಅಂತೀಯಾ?”

ಅವನು ಅಂಗಿಯ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದ.

“ನಿನ್ನೇ ಕೇಳ್ತಿರೋದು. ಅತ್ತೆ ಆ ನೆಲದಲ್ಲಿ ಬೆನ್ನು ಬಗ್ಗಿಸಿ ಬಗ್ಗಿಸಿ, ಸತ್ತ ಮೇಲೂ ನೆಟ್ಟಗಾಗಲಿಲ್ಲ. ಅದನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಉಡುಗೊರೆ ಕೊಡ್ತೀಯಾ?”

ಕಡ್ಡಿ ಅಂಗಿಯನ್ನು ಮಡಚಿ ಗೂಟಕ್ಕೆ ಹಾಕಿ ದೀಪ ಆರಿಸಿದ.

ಮರುದಿನ ತಪಾಸಣೆಯ ಮೇಡಂ ಕಾರಿನಿಂದ ಇಳಿದಳು. ಬಿಸಿಲಿಗೆ ಮುಖ ಸಿಂಡರಿಸಿಕೊಂಡು ನೇರ ಕಚೇರಿಯೊಳಗೆ ಬಂದು ಕೂತಳು. ಎದುರಿಗೆ ಕಡ್ಡಿ. ಈ ಸಲ ಕುರ್ಚಿ ತಿರುಗಲಿಲ್ಲ. ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿಕೊಂಡಿದ್ದ.

“ನೀವೇನ್ರಿ ಮಾಲೀಕರು?”

“ಹೌದು ಮೇಡಂ.”

ಅಷ್ಟರಲ್ಲಿ ದಣಿ ಚಹಾದ ತಟ್ಟೆ ಹಿಡಿದು ಒಳಗೆ ಬಂದ. ಮೈಮೇಲೆ ಹಳೆಯ ಬನಿಯನ್ನು, ತಲೆಗೆ ಒಂದು ಚೌಕ. ಮೇಸ್ತ್ರಿ ವೇಷಕ್ಕೆ ಹಳೆಯ ಬನಿಯನ್ನು ಸಿಕ್ಕಿತ್ತು, ಹಳೆಯ ಚಪ್ಪಲಿ ಸಿಕ್ಕಿರಲಿಲ್ಲ. ಕಾಲಲ್ಲಿ ಬೂಟು ಫಳಫಳ ಹೊಳೆಯುತ್ತಿತ್ತು. ಆ ಬೂಟಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಕಡ್ಡಿ ಎದ್ದು ನಿಂತುಬಿಟ್ಟ. ಬೇಕೆಂದು ಎದ್ದದ್ದಲ್ಲ. ತಲೆ ಬೇಡ ಅನ್ನುವಷ್ಟರಲ್ಲಿ ಕಾಲು ಎದ್ದಾಗಿತ್ತು.

ಮೇಡಂ ಒಮ್ಮೆ ಅವನನ್ನು ನೋಡಿದಳು. ಒಮ್ಮೆ ಬೂಟು ನೋಡಿದಳು. ತುಟಿಯ ತುದಿಯಲ್ಲಿ ನಕ್ಕಳು.

“ಕೂತ್ಕೊಳ್ರಿ ಯಜಮಾನ್ರೆ. ಮೇಸ್ತ್ರಿ ಬಂದ್ರೆ ಎದ್ದು ನಿಲ್ಲೋ ಮಾಲೀಕರನ್ನ ನಾನು ಬೇಕಾದಷ್ಟು ನೋಡಿದೀನಿ. ಎಲ್ಲಾ ಕಡೆ ಹೀಗೇ. ನನಗೆ ಕಾಗದ ಸರಿ ಇದ್ರೆ ಸಾಕಪ್ಪ, ಮೊಣಕಾಲಿನ ತಪಾಸಣೆ ನನ್ನ ಕೆಲಸ ಅಲ್ಲ.” ಚಹಾ ಹೀರಿ, “ಸಕ್ಕರೆ ಜಾಸ್ತಿ ಆಯ್ತು ಮೇಸ್ತ್ರಿ” ಎಂದಳು.

ದಣಿ ಹಲ್ಲುಕಿರಿದ.

ಕಡ್ಡಿಗೆ ಕಿವಿ ಸುಟ್ಟಂತಾಯಿತು. ಬಾಯಿಬಿಟ್ಟು ಎಲ್ಲವನ್ನೂ ಹೇಳಿಬಿಡಬೇಕೆಂದು ರಾತ್ರಿಯೆಲ್ಲ ಒಂದು ಮಾತು ಕಟ್ಟಿಕೊಂಡಿದ್ದ. ಈಗ ಅದನ್ನು ಯಾರಿಗೆ ಹೇಳುವುದು? ಗೊತ್ತಿಲ್ಲದವರಿಗೆ ತಿಳಿಸಬಹುದು, ಗೊತ್ತಿದ್ದೂ ಚಹಾ ಕುಡಿಯುವವರಿಗೆ ಏನು ತಿಳಿಸುವುದು? ಅವನು ಮತ್ತೆ ಕೂತ. ಪೂರ್ತಿ ಕೂತ. ಬೆನ್ನು ಒರಗಿಸಿ ಕೂತ.

ಬಳಿಕ ಹಸಿರುಮನೆ ನೋಡಲು ಹೊರಟರು. ಮೇಡಂ ಮೂಗು ಮುರಿಯುತ್ತ ಚಪ್ಪಲಿ ಸಮೇತ ತೊಟ್ಟಿಯಲ್ಲಿ ಕಾಲದ್ದಿ ಒಳಗೆ ಹೋದಳು. ಕಡ್ಡಿಯೂ ಅದ್ದಿದ. ಹಿಂದಿದ್ದ ದಣಿ ಬೂಟು ನೆನೆದೀತೆಂದು ತೊಟ್ಟಿಯನ್ನು ಹಾರಿದ.

“ಏ ಮೇಸ್ತ್ರಿ.”

ಯಾರು ಹಾಗೆ ಕರೆದದ್ದು ಎಂದು ಕಡ್ಡಿಯೇ ಒಂದು ಗಳಿಗೆ ಬೆರಗಾದ. ಅವನದೇ ದನಿ.

“ಕಣ್ಣು ಕಾಣಲ್ವಾ? ಹಿಂದೆ ಹೋಗು. ಕಾಲದ್ದಿ ಬಾ.”

ಬಳ್ಳಿಗಳ ಸಾಲಿನಲ್ಲಿ ಕೈಗಳೆಲ್ಲ ನಿಂತವು. ದಣಿ ಮೇಡಂ ಕಡೆ ನೋಡಿದ. ಅವಳು ಕಾಯುತ್ತಿದ್ದಳು, ನಾಟಕದ ಮುಂದಿನ ಸಾಲಿನಲ್ಲಿ ಕೂತವಳ ಹಾಗೆ. ದಣಿ ಹಿಂದೆ ಹೋದ. ಬೂಟು ಅದ್ದಿದ.

“ಇನ್ನೊಂದು ಕಾಲು?”

ಇನ್ನೊಂದೂ ಅದ್ದಿದ. ಸಾಲುಗಳ ನಡುವೆ ಮುಖಗವಸುಗಳು ಉಬ್ಬಿ ಇಳಿಯತೊಡಗಿದವು. ಮುದುಕಿ ಕೆಮ್ಮು ಬಂದವಳಂತೆ ಬಾಗಿ ಹೆಗಲು ಕುಣಿಸುತ್ತಿದ್ದಳು.

ಮೇಡಂ ಹೊರಡುವಾಗ ಕಡ್ಡಿ ತರಕಾರಿ ತುಂಬಿದ ಕ್ರೇಟು ತೋರಿಸಿದ. “ಹೊತ್ಕೊಂಡು ಹೋಗಿ ಮೇಡಂ ಕಾರಲ್ಲಿಡು ಮೇಸ್ತ್ರಿ. ಹುಷಾರು, ಹಣ್ಣು ಜಜ್ಜೀತು.”

ದಣಿ ಹೆಗಲಿಗೆ ಹೊತ್ತ. ಸಂಕೋಚವಿಲ್ಲದೆ ಅವಳು ಕಾರಿನ ಡಿಕ್ಕಿ ತೆಗೆಸಿದಳು. “ಮಂಜೂರು ಆಗುತ್ತೆ ಬಿಡಿ ಯಜಮಾನ್ರೆ” ಎಂದು ಹೇಳಿದ್ದು ಮಾತ್ರ ದಣಿಯ ಮುಖ ನೋಡಿ.

ಕಾರು ಮರೆಯಾಗುವವರೆಗೂ ದಣಿ ಕೈ ಮುಗಿದೇ ನಿಂತಿದ್ದ. ಆಮೇಲೆ ತಿರುಗಿ ಬಂದು ಕಡ್ಡಿಯ ಕಪಾಳಕ್ಕೆ ಬಾರಿಸಿದ.

“ಬಿಚ್ಚೋ ಅಂಗೀನ, ಸೂಳೆಮಗನೆ! ಕಾಲದ್ದು ಅಂತೀಯಾ? ನಾನು ಹೊರಬೇಕಾ? ನಾನು?”

ಗುಂಡಿ ಕಿತ್ತು ಹಾರಿದವು. ಕೂಲಿಗಳು ಹೊರಗೆ ಬಂದು ಸುತ್ತ ನಿಂತರು. ಯಾರೂ ಮುಖಗವಸು ತೆಗೆದಿರಲಿಲ್ಲ. ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವುಗಳಲ್ಲಿ ಯಾವುದು ಯಾರದೆಂದು ದಣಿಗೆ ತಿಳಿಯಲಿಲ್ಲ. ಅದು ಅವನ ಸಿಟ್ಟನ್ನು ಇನ್ನೂ ಏರಿಸಿತು.

“ಇವರೆಲ್ಲರ ಎದುರಿಗೆ ಹೇಳು. ಯಾರದೋ ಈ ನೆಲ? ಬೊಗಳು!”

ಕಡ್ಡಿ ಬರಿಮೈಯಲ್ಲಿ ನಿಂತಿದ್ದ. ತುಟಿಯಿಂದ ರಕ್ತ ಇಳಿಯುತ್ತಿತ್ತು. ದಣಿ ಪಕ್ಕದಲ್ಲಿ ಬಿದ್ದಿದ್ದ ಡ್ರಿಪ್ ಪೈಪಿನ ತುಂಡು ಎತ್ತಿಕೊಂಡು ಬೆನ್ನಿಗೆ ಬಿಟ್ಟ. ಒಂದು. ಇನ್ನೊಂದು. ಹೆಂಡತಿ ಓಡಿಬಂದು ನಡುವೆ ನಿಂತಳು.

“ಹೊಡೀರಿ ದಣಿ, ಸಾಯೋವರೆಗೂ ಹೊಡೀರಿ. ಸತ್ತವನನ್ನ ಕಚೇರಿಗೆ ಹೊತ್ಕೊಂಡು ಹೋಗಿ ಒಪ್ಪಿಗೆ ಅನ್ನಿಸಿ.”

“ಹೊರೋದು ಹೇಗೂ ಅಭ್ಯಾಸ ಆಯ್ತಲ್ಲ” ಎಂದಿತು ಒಂದು ಮುಖಗವಸು.

“ಯಾವಳೇ ಅದು?”

ಯಾರೂ ಅಲ್ಲ. ಪೈಪು ಎತ್ತಿದ ಕೈ ಹಾಗೇ ನಿಂತು, ಮೆಲ್ಲಗೆ ಇಳಿಯಿತು.

ಅದಾದ ಮೇಲೆ ದಣಿ ಹೊಡೆಯುವುದನ್ನು ಬಿಟ್ಟು ಮುದ್ದಿಗೆ ಇಳಿದ. ಕಡ್ಡಿಯನ್ನು ಕಾರಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ನೋಂದಣಿ ಕಚೇರಿಗೆ ಕರೆದೊಯ್ದ. ಅಲ್ಲಿನ ಸಾಹೇಬ, “ಒಪ್ಪಿ ಕೊಡ್ತಿದೀಯೇನಪ್ಪ?” ಎಂದು ಕೇಳಿದ. ಕಡ್ಡಿ ಕಿಟಕಿಯ ಹೊರಗೆ ನೋಡುತ್ತ ನಿಂತ. ಸಾಹೇಬ ಗಟ್ಟಿಯಾಗಿ ಕೇಳಿದ. ಕಿವಿ ಹತ್ತಿರ ಬಾಯಿಟ್ಟು ಕೇಳಿದ. ಕೊನೆಗೆ, “ಇವನ ಬಾಯಿ ರಿಪೇರಿ ಮಾಡಿಸಿ ಕರ್ಕೊಂಡು ಬನ್ನಿ” ಎಂದು ದಣಿಯನ್ನು ಕಳಿಸಿದ.

ವಾಪಸು ಬರುವಾಗ ದಣಿ ಅವನನ್ನು ಅರ್ಧ ದಾರಿಯಲ್ಲಿ ಇಳಿಸಿ ಹೋದ. ಕೂಲಿ ನಿಂತಿತು. ಗುಡಿಸಲಿಗೆ ಬರುತ್ತಿದ್ದ ನೀರು ನಿಂತಿತು. ಹೆಂಡತಿ ದೂರದ ಇಟ್ಟಿಗೆ ಗೂಡಿಗೆ ದುಡಿಯಲು ಹೋದಳು. ವಾರಕ್ಕೊಮ್ಮೆ ದಣಿ ಹೇಳಿಕಳಿಸುತ್ತಿದ್ದ, ಕಡ್ಡಿ ಹೋಗುತ್ತಿದ್ದ. ಬಂದೆ ದಣಿ, ಹೂಂ ದಣಿ, ತಪ್ಪಾಯ್ತು ದಣಿ, ಹೊಟ್ಟೆಗಿಲ್ಲ ದಣಿ. ಎಲ್ಲ ಹೇಳುತ್ತಿದ್ದ, ಮೊದಲಿನಷ್ಟೇ ಬಗ್ಗಿ ಹೇಳುತ್ತಿದ್ದ.

ಈ ನೆಲ ನಿಮ್ಮದು ದಣಿ ಎಂದು ಮಾತ್ರ ಅವನು ಹೇಳಲಿಲ್ಲ.