ಊದಿದ ಕುರಿಯನ್ನು ನಡೆಸಬಾರದು

ಕುರಿ ವೈದ್ಯದಲ್ಲಿ ಹಾಲಸಿದ್ದನನ್ನು ಸರಿಗಟ್ಟುವವರು ಅಥಣಿ ಸುತ್ತಮುತ್ತ ಯಾರೂ ಇರಲಿಲ್ಲ. ಇದು ಅವನೇ ಹೇಳಿಕೊಳ್ಳುವ ಮಾತು, ಆದರೂ ಸುಳ್ಳಲ್ಲ. ಯಾರ ಹಿಂಡಿನಲ್ಲೇ ಆಗಲಿ, ಕುರಿಯ ಮೂತಿಗೆ ಕಡಜ ಕಚ್ಚಿ ಊದಿಕೊಂಡರೆ ಇವನಿಗೇ ಕರೆ. ಸುಣ್ಣ ಹಚ್ಚಿ ನೆರಳಿಗೆ ಮಲಗಿಸಿ, "ಊದಿದ ಕುರೀನ ನಡಸಬ್ಯಾಡ್ರಿ, ನಂಜ ಮೈತುಂಬ ಏರತೈತಿ" ಎಂದು ಎದ್ದು ಬರುತ್ತಿದ್ದ. ಸಂಜೆಗೆ ಕುರಿ ಮೇಯುತ್ತಿತ್ತು. ಹೀಗಾಗಿ ಅವನ ಮೀಸೆ ಸ್ವಲ್ಪ ಮೇಲೇ ಇರುತ್ತಿತ್ತು ಅನ್ನಿ.

ಆ ದಿನ ಗೊಬ್ಬರವಾಗಲೆಂದು ಜೊತೆಯ ಕುರಿಗಾರರೊಂದಿಗೆ ಸಾಹುಕಾರ ಬಾಬಾಸಾಹೇಬರ ಹೊಲದಲ್ಲಿ ಹಿಂಡು ತರುಬಿದ್ದ. ಮಗಳು ಕೋಮಲ ತನ್ನ ಮರಿಗೆ ತಿನ್ನಿಸಲು ಪಕ್ಕದ ಕಬ್ಬಿನ ಗರಿ ಹಿರಿದಳು. ಗರಿಯ ಹಿಂದೆ ಕಡಜದ ಗೂಡು! ಕಿವಿಗೂ ಕುತ್ತಿಗೆಗೂ ಕಚ್ಚಿದವು. ಚೀರುತ್ತಾ ಓಡಿ ಬರುವಷ್ಟರಲ್ಲೇ ಮೈತುಂಬ ದದ್ದು ಎದ್ದು ತುಟಿ ದಪ್ಪವಾಗಿತ್ತು.

ಬಾಬಾಸಾಹೇಬರು ಕಾರಿನ ಕೀಲಿ ಹಿಡಿದೇ ಬಂದರು.

"ಹಾಲಸಿದ್ದಾ, ಎತ್ತೋ ಕೂಸಿನ್ನ. ದವಾಖಾನಿಗೆ ಹೋಗೂನು."

"ಗಾಬರಿ ಆಗಬ್ಯಾಡ್ರಿ ಸಾವ್ಕಾರ್ರ. ಹ್ವಾದ ವರ್ಷನೂ ಇಕಿಗೆ ಕಡದಿತ್ತು. ಸುಣ್ಣ ಹಚ್ಚಿದ್ನಿ, ಸಂಜೀಕ ಇಳದಿತ್ತು. ಈಗ ಅಲುಗಾಡ್ಸಿದ್ರ ನಂಜ ಏರತೈತಿ."

"ಏ ಮಳ್ಳಾ, ಅಕಿ ಏನ್ ಕುರಿ ಏನೋ?"

ಉಳಿದ ಕುರಿಗಾರರ ಎದುರು ಹಾಗಂದದ್ದು ಅವನಿಗೆ ಚುಚ್ಚಿತು. ಅಯ್ಯೋ, ಆ ಹಾಳು ಸಿಟ್ಟೊಂದು ಅಡ್ಡ ಬರದಿದ್ದರೆ! "ಹೋಗೂನ್ರಿ, ನಿಮ್ಮ ಕಾಲ ಬೀಳ್ತೀನಿ" ಎಂದು ಹೆಂಡತಿ ಅನುಸೂಯಾ ಅಂಗಲಾಚಿದರೂ ಕೇಳಲಿಲ್ಲ. ಮಗಳನ್ನು ಬೇವಿನ ನೆರಳಲ್ಲಿ ಕಂಬಳಿಯ ಮೇಲೆ ಮಲಗಿಸಿ ಸುಣ್ಣ ಹಚ್ಚಿದ.

"ಅಪ್ಪಾ, ಗಂಟಲಾಗ ಏನೋ ಸಿಕ್ಕೈತಿ." ಕೋಮಲಳ ದನಿ ಆಗಲೇ ಒಡೆದಿತ್ತು.

"ಸುಮ್ಮ ಮಲಕ್ಕೊ ನನ್ನವ್ವಾ. ಮಾತಾಡಬ್ಯಾಡ."

ಅವಳು ಅಪ್ಪನ ಮಾತು ಮೀರುವ ಹುಡುಗಿಯಲ್ಲ. ಸುಮ್ಮನಾದಳು. ಅವನು ಅದನ್ನೇ ಗುಣವೆಂದುಕೊಂಡ. ಮಗಳ ಉಗುರು ನೀಲಿಯಾದದ್ದು ಕಂಡು ಅನುಸೂಯಾ ಚೀರಿದಾಗಷ್ಟೇ ಅವನು ಕೂಸನ್ನೆತ್ತಿಕೊಂಡು ಕಾರಿನತ್ತ ಓಡಿದ. ಕಾರು ಅಥಣಿ ಮುಟ್ಟುವ ಮೊದಲೇ ಕೂಸು ಅವನ ತೊಡೆಯ ಮೇಲೆ ಉಸಿರು ನಿಲ್ಲಿಸಿತ್ತು.

"ಲಗೂನ ತರಬೇಕಾಗಿತ್ರಿ," ಎಂದರು ಡಾಕ್ಟರು. "ಇದಕ್ಕ ಇಂಜೆಕ್ಷನ್ ಐತಿ."

ಮಗಳನ್ನು ಮಣ್ಣು ಮಾಡಿ ಬಂದರೂ ಕುರಿಗಳ ಹೊಟ್ಟೆ ಕೇಳಬೇಕಲ್ಲ! ಹಿಂಡಿನ ಹಿಂದೆ ನಡೆಯುವುದು ತಪ್ಪಲಿಲ್ಲ. ಯಾರಾದರೂ ಔಷಧ ಕೇಳಿ ಬಂದರೆ ಮಾತ್ರ ಮುಖ ತಿರುಗಿಸುತ್ತಿದ್ದ.

ಒಂದು ಮಧ್ಯಾಹ್ನ ಕೋಮಲ ಸಾಕಿದ ಮರಿ ಬದುವಿನ ಪೊದೆಗೆ ಮೂಗು ತೂರಿಸಿ ಕಡಜದಿಂದ ಕಚ್ಚಿಸಿಕೊಂಡು ಬಂತು. ಮೂತಿ ಊದಿತ್ತು. ಸಂಜೆಗೆ ಇಳಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಅನುಸೂಯಾ ಸುಣ್ಣದ ಡಬ್ಬಿ ತಂದು ಮುಂದಿಟ್ಟಳು.

ಹಾಲಸಿದ್ದ ಡಬ್ಬಿ ಮುಟ್ಟಲಿಲ್ಲ. ಮರಿಯನ್ನು ಎದೆಗವಚಿಕೊಂಡು ಅಥಣಿ ರಸ್ತೆಯತ್ತ ಓಡತೊಡಗಿದ.

"ಎಲ್ಲಿಗ್ರಿ? ಕುರಿ ಅದು!" ಅನುಸೂಯಾ ಹಿಂದಿನಿಂದ ಕೂಗಿದಳು.

ಅವನಿಗೆ ಕೇಳಿಸಲಿಲ್ಲ. ರಸ್ತೆಯ ನಡುವೆ ನಿಂತು, ಬರುವ ಕಬ್ಬಿನ ಟ್ರ್ಯಾಕ್ಟರುಗಳಿಗೆಲ್ಲ ಕೈಯೊಡ್ಡಿ ಕೂಗುತ್ತಿದ್ದ:

"ನಿಂದ್ರಸ್ರೋ ಯಪ್ಪಾ! ದವಾಖಾನಿಗೆ ಹೋಗೂನು! ಲಗೂನ ಹೋಗೂನು!"