ಗುಡ್ಡದ ರೂಟಿಗೆ ಕರೆಂಟ್ ಬಸ್ಸು

ಬಸ್ ನಿಲ್ದಾಣದ ಮೂಲೆಯಲ್ಲೊಂದು ಹೊಲಿಗೆ ಅಂಗಡಿ. ಬಾಗಿಲಿನಿಂದ ಮೂರು ಮಾರು ದೂರದಲ್ಲೇ ಗುಡ್ಡದ ರೂಟಿನ ಬಸ್ಸುಗಳು ಗುರುಗುಟ್ಟುತ್ತ ನಿಲ್ಲುತ್ತವೆ. ಬೆಳಿಗ್ಗೆ ಬಿಳಿ ಅಂಗಿ ಹೊಲಿಯಲು ಕೂತರೆ ಮಧ್ಯಾಹ್ನಕ್ಕೆ ಅದು ಬೂದಿ ಬಣ್ಣ. ಅಂಗಿಯನ್ನಾದರೂ ಒಗೆಯಬಹುದು, ಹೊಲಿಯುವಾಕೆಯ ಎದೆಯನ್ನು ಒಗೆಯುವವರು ಯಾರು? ಮೂರು ತಿಂಗಳಿಂದ ಬಿಡದ ಕೆಮ್ಮು. “ಈ ಹೊಗೆಯಲ್ಲಿ ಇನ್ನು ಕೂರಬೇಡಿ, ಅಂಗಡಿ ಮುಚ್ಚಿ” ಎಂದು ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟಿದ್ದರು. ಹತ್ತೊಂಬತ್ತು ವರ್ಷ ತುಳಿದ ಮಿಷನ್ನು! ಮುಚ್ಚಿ ಎಂದ ಕೂಡಲೇ ಮುಚ್ಚಲಾದೀತೇ?

ಆ ಹೊಗೆ ಕಾರುವ ಬಸ್ಸುಗಳಲ್ಲಿ ಒಂದನ್ನು ಓಡಿಸುವವನು ಬೇರೆ ಯಾರೂ ಅಲ್ಲ, ಆಕೆಯ ಗಂಡನೇ. ಡಿಪೋದ ಹಿರಿಯ ಡ್ರೈವರ್. ಎಲ್ಲರ ಬಾಯಲ್ಲೂ ಗೇರಣ್ಣ.

ಡಿಪೋಗೆ ಹೊಸದಾಗಿ ಒಂದು ಕರೆಂಟ್ ಬಸ್ಸು ಬಂದಿತ್ತು. ಗುಡ್ಡದ ರೂಟಿನಲ್ಲಿ ಒಂದು ದಿನ ಹತ್ತು ಟ್ರಿಪ್ ಓಡಿಸಿ ಗೇರಣ್ಣ ಸೈ ಎಂದರೆ, ಆ ರೂಟಿನ ಬಸ್ಸುಗಳೆಲ್ಲ ಒಂದೊಂದಾಗಿ ಬದಲಾಗುತ್ತವೆ. ಬೇಡವೆಂದರೆ ಬಂದ ದಾರಿಗೇ ವಾಪಸ್ಸು.

“ಆಟದ ಸಾಮಾನು ಕಣೇ ಅದು,” ಎಂದ ಗೇರಣ್ಣ. “ನನ್ನ ಮೊಬೈಲೇ ಸಂಜೆಗೆ ಸತ್ತುಬೀಳುತ್ತೆ. ಐವತ್ತು ಜನರನ್ನ ಹೊತ್ಕೊಂಡು ಗುಡ್ಡ ಹತ್ತೋದು ಅಂದ್ರೆ ಹುಡುಗಾಟವಾ?”

“ಓಡಿಸಿ ನೋಡಿ, ಆಮೇಲೆ ಹೇಳಿ,” ಎಂದಳು ಹೆಂಡತಿ. “ಆದ್ರೆ ನನ್ನ ಮುಖ ನೋಡ್ಕೊಂಡು ಸುಳ್ಳು ಸೈ ಅನ್ಬೇಡಿ. ದಾರೀಲಿ ನಿಂತ್ರೆ ಜನರ ಶಾಪ ನನಗೆ ಬೇಡ.”

ಮೊದಲ ಟ್ರಿಪ್. ಬಸ್ಸು ಸದ್ದಿಲ್ಲದೆ ಹೊರಟಿತು. ಗೇರಣ್ಣನ ಎಡಗೈ ಇಲ್ಲದ ಗೇರಿಗಾಗಿ ತಡಕಾಡಿ ಗಾಳಿಯನ್ನೇ ಹಿಡಿಯಿತು. ಮುಂದಿನ ಸೀಟಿನ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಗುಡ್ಡವನ್ನೇನೋ ಬಸ್ಸು ಸಲೀಸಾಗಿ ಹತ್ತಿತು. ಆದರೆ ನೂರಕ್ಕೆ ನೂರಿದ್ದ ಬ್ಯಾಟರಿ ಚಾರ್ಜು ತೊಂಬತ್ತಕ್ಕೆ ಇಳಿದಿತ್ತು. ಇಳಿಜಾರು ಬಂದದ್ದೇ ತಡ, ಗೇರಣ್ಣ ಹಳೇ ಚಾಳಿಯಂತೆ ಗುಂಡಿ ಒತ್ತಿ ನ್ಯೂಟ್ರಲ್‌ಗೆ ಹಾಕಿ ಬಸ್ಸನ್ನು ಉರುಳಲು ಬಿಟ್ಟ. ಡೀಸೆಲ್ ಉಳಿಸಲು ಆ ಡಿಪೋದವರೆಲ್ಲ ಕಲಿತಿದ್ದ ಕಳ್ಳ ವಿದ್ಯೆ ಅದು. ಕೆಳಗೆ ಬಂದಾಗಲೂ ಚಾರ್ಜು ತೊಂಬತ್ತೇ.

“ನೋಡಮ್ಮಾ, ಟ್ರಿಪ್ಪಿಗೆ ಹತ್ತು!” ಎಂದು ಗೇರಣ್ಣ, ಡಿಪೋದವರೆಲ್ಲ ‘ಮೆಕ್ಯಾನಿಕ್ ಅಕ್ಕ’ ಎಂದು ಕರೆಯುವ ರಿಪೇರಿಯಾಕೆಯ ಮುಂದೆ ಎದೆಯುಬ್ಬಿಸಿದ. “ಹತ್ತನೇ ಟ್ರಿಪ್ಪಿಗೆ ಸೊನ್ನೆ. ನಾನು ಹೇಳ್ಲಿಲ್ವಾ?”

ಆಕೆ ಬಸ್ಸಿನ ಪರದೆಯಲ್ಲಿ ಚಾರ್ಜು ನೋಡಿ ಹಣೆ ಚಚ್ಚಿಕೊಂಡಳು. “ನ್ಯೂಟ್ರಲ್ಲಲ್ಲಿ ಇಳಿದ್ರಾ? ಅಯ್ಯೋ ಮಾರಾಯ್ರೇ! ಡೀಸೆಲ್ ಬಸ್ಸಲ್ಲೇ ಅದು ಅಪಾಯ, ಇದರಲ್ಲಂತೂ ನಷ್ಟವೂ ಹೌದು. ಡ್ರೈವಲ್ಲೇ ಇಟ್ಟು ಎಕ್ಸಲರೇಟರ್ ಮೇಲಿಂದ ಕಾಲು ತೆಗೀರಿ. ಇಳಿಯೋವಾಗ ಚಕ್ರವೇ ಮೋಟಾರನ್ನ ತಿರುಗಿಸಿ ಬ್ಯಾಟರಿ ತುಂಬುತ್ತೆ.”

“ಇಳಿದ್ರೆ ತುಂಬುತ್ತಾ? ಯಾರ ಕಿವಿಗೆ ಹೂವಿಡ್ತೀಯಾ?”

“ಹಾಗಾದ್ರೆ ನಾನೂ ಬರ್ತೀನಿ, ನಡೀರಿ.”

ಎರಡನೇ ಟ್ರಿಪ್ಪಿಗೆ ಗುಡ್ಡದ ತುದಿ ತಲುಪಿದಾಗ ಚಾರ್ಜು ಎಂಬತ್ತು. ಗೇರಣ್ಣ ಉಸಿರು ಬಿಗಿಹಿಡಿದು ಕಾಲು ತೆಗೆದ. ಬಸ್ಸು ಹದವಾಗಿ ತಾನೇ ನಿಧಾನಿಸಿತು. ಮೊದಲ ತಿರುವು ದಾಟಿತು.

“ಎಂಬತ್ತೊಂದು!” ಎಂದು ಗೇರಣ್ಣ ಕೂಗಿದ. ಹಿಂದಿನವರಿಗೆ ಏನೂ ತಿಳಿಯಲಿಲ್ಲ. “ಎಂಬತ್ತೆರಡು!” ಈಗ ಅರ್ಧ ಬಸ್ಸು ಕತ್ತು ಚಾಚಿತು. ಕೊನೆಯ ತಿರುವಿನಲ್ಲಿ ಇಡೀ ಬಸ್ಸೇ “ಎಂಬತ್ಮೂರು!” ಎಂದು ಚಪ್ಪಾಳೆ ತಟ್ಟಿತು. ಗೇರಣ್ಣನಿಗೆ ಹಿಡಿಸಲಾರದಷ್ಟು ಖುಷಿ.

ಕೆಳಗಿಳಿದ ಮೇಲೂ ಗೇರಣ್ಣನದೊಂದು ಕೊಂಕು ಉಳಿದಿತ್ತು. “ಎಲ್ಲಾ ಸರಿ, ಕರೆಂಟೇನು ಆಕಾಶದಿಂದ ಉದುರುತ್ತಾ? ಅದಕ್ಕೂ ಎಲ್ಲೋ ಕಲ್ಲಿದ್ದಲು ಸುಡ್ತಾರಲ್ಲ?”

“ಸುಡ್ತಾರೆ, ಇಲ್ಲ ಅನ್ನಲ್ಲ,” ಎಂದಳು ಮೆಕ್ಯಾನಿಕ್ ಅಕ್ಕ. “ಆದ್ರೆ ಜನರ ಮೂಗಿನ ಕೆಳಗಲ್ಲ. ಡೀಸೆಲ್ ಎಂಜಿನ್ನು ಅರ್ಧಕ್ಕಿಂತ ಜಾಸ್ತಿ ಇಂಧನವನ್ನ ಬರೀ ಬಿಸಿ ಮಾಡಿ ಕಳೆಯುತ್ತೆ, ಮೋಟಾರು ಅಷ್ಟು ದಂಡ ಮಾಡಲ್ಲ. ಬಿಸಿಲು ಗಾಳಿಯ ಕರೆಂಟು ಹೆಚ್ಚಿದಷ್ಟೂ ಇದೇ ಬಸ್ಸು ಇನ್ನಷ್ಟು ಚೊಕ್ಕ.”

“ಹಾಗಾದ್ರೆ ದೂರದ ಲಾರಿಗಳಿಗೂ ಇದೇ ಆಗುತ್ತಾ?”

“ಅದಕ್ಕೆ ದಾರಿಯುದ್ದಕ್ಕೂ ಚಾರ್ಜಿಂಗ್ ಬೇಕು, ಇನ್ನೂ ಎಲ್ಲಾ ಕಡೆ ಇಲ್ಲ. ಆದ್ರೆ ದಿನಾ ಡಿಪೋಗೆ ಮರಳೋ ಬಸ್ಸಿಗೆ, ಕಸದ ಲಾರಿಗೆ ಹೇಳಿ ಮಾಡಿಸಿದ್ದು.”

ಹತ್ತನೇ ಟ್ರಿಪ್ ಮುಗಿದಾಗ ಬ್ಯಾಟರಿಯಲ್ಲಿ ಇಪ್ಪತ್ತೇಳು ಉಳಿದಿತ್ತು. ಗೇರಣ್ಣ ನೇರ ಹೊಲಿಗೆ ಅಂಗಡಿಗೆ ನುಗ್ಗಿದ.

“ನಿಜ ಹೇಳಿ,” ಎಂದು ಹೆಂಡತಿ ಮಿಷನ್ ನಿಲ್ಲಿಸಿದಳು.

“ನಿಜವಾಗ್ಲೂ ಸೈ ಕಣೇ. ನಿನ್ನ ಮುಖ ನೋಡಿ ಅಲ್ಲ, ಗುಡ್ಡ ನೋಡಿ ಅಂದೆ. ಬರೆದೂ ಕೊಟ್ಟೆ.”

ಆಕೆಯ ಕಣ್ಣು ತುಂಬಿ ಬಂತು. “ಎಲ್ಲಾ ಬಸ್ಸು ಬದಲಾಗೋಕೆ ದಿನ ಹಿಡಿಯುತ್ತಲ್ಲ? ಅಲ್ಲಿವರೆಗೆ?”

“ಅಲ್ಲಿವರೆಗೆ ಇಲ್ಲಿ ನಿಂತ ಡೀಸೆಲ್ ಬಸ್ಸು ಎಂಜಿನ್ ಆಫ್ ಮಾಡ್ಲೇಬೇಕು. ಇವತ್ತಿಂದಲೇ, ಮೊದಲು ನಂದು. ಯಾರು ಮೀರ್ತಾರೋ ನಾನೂ ನೋಡ್ತೀನಿ! ನೀನು ಮಾತ್ರ ಅಂಗಡಿ ಮುಚ್ಚೋ ಮಾತು ಎತ್ಬೇಡ.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ನಿಲ್ದಾಣದಲ್ಲೂ ಯಾರೋ ಒಬ್ಬರು ಹೊಗೆಯಲ್ಲಿ ಕೂತು ದುಡಿಯುತ್ತಿರುತ್ತಾರೆ. ಕರೆಂಟ್ ಬಸ್ಸು ಬಂದರೆ ಹತ್ತಿ ನೋಡಿ, ಬರದಿದ್ದರೆ ಬೇಕೆಂದು ಕೇಳಿ. ನಿಂತ ಗಾಡಿಯ ಎಂಜಿನ್ನನ್ನು ಮಾತ್ರ ಇವತ್ತೇ ಆರಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.