ಕರಿಕಲ್ಲಿನ ಬಿಳಿ ಧೂಳು

"ಲೇ ಮುಂಡೆ, ಕೊಳಾಯಿ ಮೇಲಿಂದ ಕೈ ತೆಗಿ! ನಿನ್ ಗಂಡ ತೋಡಿಟ್ಟೋದ ಬಾವಿ ಅನ್ಕೊಂಡ್ಯಾ?"

ಸೂಪರ್‌ವೈಸರ್ ವಿಜಯಕುಮಾರ್ ಕೂಗಿದ ರಭಸಕ್ಕೆ ಶೆಡ್ಡಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಕದಿರಮ್ಮ ಕೊಳಾಯಿ ಬಿಟ್ಟು, ಕಲ್ಲು ಉಜ್ಜುವ ಕೈಮಿಷನ್ನನ್ನು ಮತ್ತೆ ಅಂಚಿಗೆ ಒತ್ತಿದಳು. ಕಲ್ಲು ಕಾಡಿಗೆಯಷ್ಟು ಕಪ್ಪು. ಅದರಿಂದೇಳುವ ಧೂಳು ಮಾತ್ರ ಬಿಳಿ. ಕ್ಯಾಸಂಬಳ್ಳಿ ರಸ್ತೆಯ ಈ ಶೆಡ್ಡಿನಲ್ಲಿ ನುಣುಪಾಗುವ ಕಲ್ಲುಗಳೆಲ್ಲ ಅಮೆರಿಕಕ್ಕೆ, ಅಲ್ಲಿ ಸತ್ತವರ ತಲೆದೆಸೆಯಲ್ಲಿ ನಿಲ್ಲುವುದಕ್ಕೆ. ಸತ್ತವರಿಗೆ ಅಷ್ಟು ಮರ್ಯಾದೆ.

ಮೊದಲು ಉಜ್ಜುವಾಗ ಕಲ್ಲಿನ ಮೇಲೆ ನೀರು ಹರಿಯುತ್ತಿತ್ತು. ಧೂಳು ಕೆಸರಾಗಿ ಕಾಲಡಿಗೆ ಇಳಿಯುತ್ತಿತ್ತು. ಅಮೆರಿಕದವರು ಸುಂಕ ಏರಿಸಿದರು, ಅಲ್ಲಿನ ಗಿರಾಕಿ ರೇಟು ಇಳಿಸು ಎಂದ. ಇಲ್ಲಿ ಓನರ್ ಅರ್ಧ ಜನರನ್ನು ಮನೆಗೆ ಕಳಿಸಿ, ನೀರಿನ ಟ್ಯಾಂಕರ್ ನಿಲ್ಲಿಸಿದ. ತೊಟ್ಟಿಯಲ್ಲಿ ಉಳಿದ ನೀರನ್ನು ಯಾರೂ ಮುಟ್ಟುವಂತಿರಲಿಲ್ಲ. ಒಣಗಲ್ಲು ಉಜ್ಜಿದರೆ ಬೇಗ ಮುಗಿಯುತ್ತದೆ, ಕೆಸರು ಬಳಿಯಲು ಆಳೂ ಬೇಡ. ಹೋದವರ ಪಾಲಿನದನ್ನೂ ಉಳಿದವರೇ ಉಜ್ಜಿದರು. ತಲೆಗೆಷ್ಟು ಕಲ್ಲು ಎಂದು ಲೆಕ್ಕ ಬರೆದು ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಕೆಂಪು ಗೆರೆಯೊಂದು ಮೇಲೆ ಹತ್ತುತ್ತ ಹೋಯಿತು. "ನೋಡ್ರಪ್ಪಾ, ಪ್ರೊಡಕ್ಟಿವಿಟಿ!" ಎಂದು ಹಿಗ್ಗಿ ಓನರ್ ಎಲ್ಲರಿಗೂ ಮೈಸೂರುಪಾಕು ಹಂಚಿದ್ದ. ಬಾಯಿಗಿಡುವಷ್ಟರಲ್ಲಿ ಅದರ ಮೇಲೂ ಧೂಳು ಕೂತಿತ್ತು.

ಕದಿರಮ್ಮನಿಗೆ ಧೂಳು ಹೊಸದಲ್ಲ. ಗಂಡ ಕೊಂಡಪ್ಪ ನಂದಿದುರ್ಗದ ಚಿನ್ನದ ಗಣಿಯಲ್ಲಿ ಅದನ್ನೇ ಕುಡಿದವನು. ಗಣಿ ಮುಚ್ಚಿದ ಮೇಲೆ ಕೋರಮಂಡಲ್ ಕೂಲಿ ಲೈನಿನ ಮನೆಯಲ್ಲಿ ಮಲಗಿದರೆ ಉಸಿರು ಸಿಗದೆ, ಗೋಡೆಗೊರಗಿ ಕೂತೇ ಸತ್ತ. ತನ್ನ ಕಾಲವಂತೂ ಮುಗಿಯಿತು ಎಂದು ಕದಿರಮ್ಮ ಅಂದುಕೊಳ್ಳಬಹುದು. ಆದರೆ ಪಕ್ಕದ ಕಲ್ಲಿನ ಮೇಲೆ ಬಗ್ಗಿದ್ದವಳು ಮಗಳು ರಾಧ. ಈಚೆಗೆ ಅವಳಿಗೂ ಒಣಕೆಮ್ಮು ಹತ್ತಿತ್ತು. ಅದು ಕೊಂಡಪ್ಪನದೇ ಕೆಮ್ಮು.

"ಕೆಲ್ಸ ಬುಟ್ಬುಡೇ ರಾಧಾ. ನಾನೊಬ್ಳೇ ಬತ್ತೀನಿ," ಎಂದಳು ಬುತ್ತಿ ಬಿಚ್ಚುತ್ತ.

"ಬುಟ್ಟು ಎಲ್ಲಿಗೋಗ್ಲಿ? ಬೆಂಗ್ಳೂರ್ ಕೆಲ್ಸಕ್ಕೆ ರೈಲ್ ಅತ್ತಿದ್ರೆ ರಾತ್ರಿಗಂಟ ನನ್ ಮಗೀನ ಯಾರು ನೋಡ್ಕೊಂಡಾರು? ಇಲ್ಲಿ ಬ್ಯಾರೆ ಕೆಲ್ಸ ಏನೈತೆ? ನಿನ್ನೊಬ್ಳ ಕೂಲೀಲಿ ಮನೆ ನಡೀತದಾ?"

ಕದಿರಮ್ಮ ತನ್ನ ಪಾಲಿನ ಮುದ್ದೆ ಮುರಿದು ಮಗಳ ಮುಂದಿಟ್ಟಳು.

ಮರುದಿನ ಸಂಜೆ ಟ್ಯಾಂಕರ್ ಬಂತು. ಕೊಳಾಯಿಗಳಲ್ಲಿ ನೀರು ಸುರಿಯಿತು. ಕದಿರಮ್ಮ ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಕೊನೆಗೂ ದೇವರು ಇವರಿಗೆ ಒಳ್ಳೆ ಬುದ್ಧಿ ಕೊಟ್ಟ ಎಂದೇ ನಂಬಿದಳು, ಪಾಪ. ಅಷ್ಟರಲ್ಲಿ ವಿಜಯಕುಮಾರ್ ಹೊಸ ಮಾಸ್ಕುಗಳ ಡಬ್ಬ ಹಿಡಿದು ಬಂದ.

"ಅಮೆರಿಕದಿಂದ ವಿಡಿಯೋ ಕಾಲ್ ಐತೆ. ಮುಗಿಯೋಗಂಟ ನೀರು, ಮಾಸ್ಕು. ಆಮೇಲೆ ಎಲ್ಲ ವಾಪಸ್. ಮಾಸ್ಕ್ ಕೊಳೆ ಮಾಡ್ಬುಟ್ಟೀರ, ಉಷಾರ್!"

ಓನರ್ ಫೋನು ಎತ್ತಿ ಹಿಡಿದು ನಗುತ್ತ ಒಳಗೆ ಬಂದ. ಫೋನಿನೊಳಗೆ ಗಿರಾಕಿಯ ಕೆಂಪು ಮುಖವೂ ನಗುತ್ತಿತ್ತು. ಓನರ್ ಹತ್ತಿರವಾಗುತ್ತಿದ್ದಂತೆ ರಾಧ ಮಾಸ್ಕಿನೊಳಗೇ ಕೆಮ್ಮಿದಳು. ಕದಿರಮ್ಮ ಮಗಳ ಕಡೆ ನೋಡಿದಳು. ಕೊಳಾಯಿ ತಿರುಗಿಸಿ ನೀರು ನಿಲ್ಲಿಸಿದಳು. ಮಾಸ್ಕು ಕಿತ್ತೆಸೆದಳು. ಬಟ್ಟೆಯಿಂದ ಕಲ್ಲೊರಸಿ ಮಿಷನ್ ಒತ್ತಿದಳು. ಬಿಳಿ ಧೂಳು ಭುಗ್ಗನೆ ಎದ್ದಿತು.

"ಲೇ, ನೀರ್ ಬಿಡೇ! ಕೊಳಾಯಿ ತಿರುಗ್ಸೇ ಮುಂಡೆ!" ವಿಜಯಕುಮಾರ್ ಓಡಿ ಬಂದ.

"ಯಾಕ್ ಸಾಮಿ? ದಿನಾ ಇಂಗೇ ಅಲ್ವಾ ಉಜ್ಜೋದು? ತೋರ್ಸು ಅವ್ನಿಗೂ!"

ಓನರ್ ನಗುವನ್ನು ಹಾಗೇ ಇಟ್ಟುಕೊಂಡು ಫೋನನ್ನು ಗೋಡೆಯ ಕೆಂಪು ಗೆರೆಯ ಕಡೆ ತಿರುಗಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಇನ್ನೊಂದು ಕೊಳಾಯಿ ನಿಲ್ಲಿಸಿದರು. ಆಮೇಲೆ ಮತ್ತೊಂದು. ಧೂಳಿನಲ್ಲಿ ಗೋಡೆಯೂ ಮಸುಕಾಯಿತು.

"ರಾಧಾ, ನೀನ್ ಆಚೆ ಓಗೇ!" ಕದಿರಮ್ಮ ಕಿರುಚಿದಳು.

ರಾಧ ಹೋಗಲಿಲ್ಲ. ಮಾಸ್ಕು ಕೆಳಗೆಳೆದು ತನ್ನ ಕೊಳಾಯಿಗೆ ಕೈ ಹಾಕಿದಳು.

"ಬ್ಯಾಡ ಕಣೇ! ನೀನ್ ಬ್ಯಾಡ!"

ರಾಧಳ ಮಿಷನ್ನೂ ಒಣಗಲ್ಲಿಗೆ ತಾಗಿ ಅರಚಿತು. ಕದಿರಮ್ಮ ಕೈ ಚಾಚಿದಳು. ಧೂಳಿನೊಳಗೆ ಮಗಳು ಕಾಣಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು.